ಬೆಳೆ ಮತ್ತು ನೆಲೆ

ಯಾವ ಹೊಲದಲ್ಲಿ ಯಾವ ಬೆಳೆ ನಿಲ್ಲತಕ್ಕದ್ದು ಎಂಬುದನ್ನು ನಿರ್ಣಯಿಸುವವರು ಯಾರು? ಮೇಲುನೋಟಕ್ಕೆ ರೈತನೇ ಎಂದು ತೋರುತ್ತದೆ. ಬೀಜವನ್ನು ಕೊಳ್ಳುವವನು ಅವನು, ಕೂರಿಗೆ ಹೂಡುವವನು ಅವನು, ಫಲ ಬಂದರೆ ನಗುವವನೂ ಬಾರದಿದ್ದರೆ ಅಳುವವನೂ ಅವನೇ. ಆದರೆ ಅವನು ಹೊಲಕ್ಕೆ ಕಾಲಿಡುವ ಎಷ್ಟೋ ಮೊದಲೇ ಮಳೆ, ಮಣ್ಣು, ಬಿಸಿಲು, ನೆಲದ ಏರಿಳಿತ ಎಂಬ ನಾಲ್ವರು ಹಿರಿಯರು ಅಲ್ಲಿ ಕುಳಿತು ಅರ್ಧ ತೀರ್ಮಾನವನ್ನು ಮಾಡಿ ಮುಗಿಸಿರುತ್ತಾರೆ. ಉಳಿದ ಅರ್ಧವಷ್ಟೇ ರೈತನ ಪಾಲಿಗೆ ಬರುವುದು. ಆ ನಾಲ್ವರ ಮಾತನ್ನು ಕೇಳಿಸಿಕೊಂಡು ತನ್ನ ಅರ್ಧವನ್ನು ನಿರ್ಣಯಿಸಿದವನ ಮನೆಯಲ್ಲಿ ಅನ್ನವಿರುತ್ತದೆ. ಕೇಳಿಸಿಕೊಳ್ಳದವನ ಮನೆಯಲ್ಲಿ ಸಾಲದ ಪತ್ರವಿರುತ್ತದೆ. ಈ ಸಂಗತಿಯನ್ನು ಕುರಿತು ಕೆಲವು ಮಾತುಗಳನ್ನು ಸದ್ಭಕ್ತರ ಮತ್ತು ನಮ್ಮ ಹಳೆಯ ವಿದ್ಯಾರ್ಥಿಗಳ ಮುಂದಿಡಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

ಇದಕ್ಕೆ ಕಾರಣವಾದವರು ನಮ್ಮ ಪ್ರಸಾದ ನಿಲಯದಲ್ಲಿಯೇ ಓದಿ ಬೆಳೆದ ಇಬ್ಬರು ಅಣ್ಣತಮ್ಮಂದಿರು. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವರಿಗೆ ಹದಿನಾರು ಎಕರೆ ಜಮೀನಿದೆ. ಬಹುಭಾಗ ಎರೆ, ಸ್ವಲ್ಪ ಭಾಗ ಮಸಾರಿ. ತಂದೆಯ ಕಾಲದಿಂದ ಜೋಳ, ಕಡಲೆ, ಸೂರ್ಯಕಾಂತಿ ಬೆಳೆದುಕೊಂಡು ಬಂದ ಮನೆತನ. ತಮ್ಮನು ಮಸಾರಿಯ ಮೂರು ಎಕರೆಯಲ್ಲಿ ಕೊಳವೆ ಬಾವಿ ಕೊರೆಯಿಸಿ ಅಡಿಕೆ ಸಸಿಗಳನ್ನು ನೆಟ್ಟಿದ್ದನು. ಒಂದು ಬಾವಿ ಬತ್ತಿತು. ಸಾಲ ತಂದು ಇನ್ನೊಂದನ್ನು ಕೊರೆಯಿಸಿದನು. ಅದೂ ಎರಡನೆಯ ಬೇಸಿಗೆಗೆ ಕೈಕೊಟ್ಟಿತು. ಅಷ್ಟಾದರೂ ಉಳಿದ ಜಮೀನಿಗೂ ಅಡಿಕೆಯನ್ನೇ ಹಾಕೋಣವೆಂದು ಅವನ ಹಟ. ಮನೆಯನ್ನೇ ಪಾಲು ಮಾಡೋಣವೆಂದು ಅಣ್ಣನ ಹಟ. ಮಾತು ಮಠದ ಮೆಟ್ಟಿಲನ್ನು ಹತ್ತಿತು. ತಮ್ಮನು ನಮ್ಮೆದುರು ಕೈಮುಗಿದು ನಿಂತು, “ಅಜ್ಜಾರ, ಶಿರಸಿ ಮಂದಿ ಅಡಕಿ ಬೆಳದು ಮಾಳಿಗಿ ಕಟ್ಟ್ಯಾರ. ಭೂಮಿತಾಯಿ ಎಲ್ಲಾ ಕಡೆ ಒಬ್ಬಾಕೀನ ಅಲ್ಲೇನ್ರಿ? ಅಲ್ಲಿ ಬೆಳದದ್ದು ಇಲ್ಲಿ ಯಾಕ ಬೆಳೀಬಾರದು?” ಎಂದು ಕೇಳಿದನು. ಪ್ರಶ್ನೆಯಲ್ಲಿ ಅಹಂಕಾರವಿರಲಿಲ್ಲ, ಬಡತನವನ್ನು ದಾಟುವ ಆತುರವಿತ್ತು. ಆತುರಕ್ಕೆ ಬುದ್ಧಿವಾದದಿಂದ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಇಬ್ಬರನ್ನೂ ಕರೆದುಕೊಂಡು ಹೋಗಿ ಆ ನಾಡನ್ನೇ ತೋರಿಸುವುದು ಲೇಸೆಂದು ನಮಗೆ ತೋರಿತು.

ಪ್ರವಾಸದ ಮಾತಿಗೆ ಮುನ್ನ ಸೂರ್ಯಕಾಂತಿಯ ಕತೆಯನ್ನು ಹೇಳಬೇಕು. ಏಕೆಂದರೆ ಇದೂ ನಮ್ಮ ಎರೆನಾಡಿಗೆ ಹೊರಗಿನಿಂದ ಬಂದ ಅತಿಥಿಯೇ. ಇದರ ತೌರು ಉತ್ತರ ಅಮೆರಿಕ. ರಷ್ಯಾ ದೇಶದ ತಳಿವಿಜ್ಞಾನಿಗಳು ಇದರ ಬೀಜದಲ್ಲಿ ಎಣ್ಣೆಯ ಅಂಶವನ್ನು ಹೆಚ್ಚಿಸಿ ಇದನ್ನು ದೊಡ್ಡ ಎಣ್ಣೆಕಾಳಿನ ಬೆಳೆಯನ್ನಾಗಿ ಮಾಡಿದರು. ೧೯೬೯ರಲ್ಲಿ ಅಲ್ಲಿಂದ ಬಂದ ತಳಿಗಳು ಭಾರತದಲ್ಲಿ ಪರೀಕ್ಷೆಗೆ ಒಳಗಾದವು. ೧೯೭೨ರ ಸುಮಾರಿಗೆ ವ್ಯಾಪಾರದ ಬೆಳೆಯಾಗಿ ಬೇರೂರಿತು. ೧೯೮೦ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬಿ.ಎಸ್.ಎಚ್-೧ ಎಂಬ ಸಂಕರಣ ತಳಿಯನ್ನು ಹೊರತಂದಿತು; ದೇಶದ ಮೊದಲ ಸೂರ್ಯಕಾಂತಿ ಸಂಕರಣ ತಳಿ ಅದೇ. ನಮ್ಮ ಪೂರ್ವಾಶ್ರಮದ ಊರು ಆಗ ರಾಯಚೂರು ಜಿಲ್ಲೆಯಲ್ಲಿದ್ದಿತು. ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾದ ಮೇಲೆ ಅದರಲ್ಲಿ ಸೇರಿತು. ನಾವು ಬಾಲಕರಾಗಿದ್ದಾಗ ಹೊಲದ ತುಂಬ ಕುಸುಬೆಯ ಮುಳ್ಳು, ಅಗಸೆಯ ನೀಲಿ ಹೂವು, ಗುರೆಳ್ಳಿನ ಸಣ್ಣ ಹಳದಿ ಹೂವು ಕಾಣುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆಳೆತ್ತರದ ಗಿಡಗಳು, ತಟ್ಟೆಯಗಲದ ಹೂಗಳು ಬಂದು ಅವೆಲ್ಲವನ್ನೂ ಹಿಂದಕ್ಕೆ ಸರಿಸಿದವು. ಕುಸುಬೆಯ ಮುಳ್ಳಿನಿಂದ ಕೈಕಾಲು ಗೀರಿಸಿಕೊಂಡ ಹೆಣ್ಣುಮಕ್ಕಳು ಈ ಹೊಸ ಬೆಳೆಯನ್ನು ಸಂತೋಷದಿಂದಲೇ ಬರಮಾಡಿಕೊಂಡರು.

ಹೊರಗಿನ ಈ ಅತಿಥಿಯನ್ನು ನಮ್ಮ ನೆಲ ಒಪ್ಪಿಕೊಂಡದ್ದೇಕೆ? ಅದರ ಸ್ವಭಾವವೂ ನಮ್ಮ ನೆಲದ ಸ್ವಭಾವವೂ ಕೂಡಿಬಂದದ್ದೇ ಕಾರಣ. ಎರೆಮಣ್ಣು ಹಿಂಗಾರಿನ ಮಳೆಯನ್ನು ಕುಡಿದು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸೂರ್ಯಕಾಂತಿಯ ತಾಯಿಬೇರು ಆಳಕ್ಕೆ ಇಳಿದು ಆ ತೇವವನ್ನು ಹುಡುಕಿಕೊಳ್ಳುತ್ತದೆ. ಹಗಲಿನ ಉದ್ದ ಹೆಚ್ಚಾಗಲಿ ಕಡಿಮೆಯಾಗಲಿ ಹೂ ಬಿಡುವುದಕ್ಕೆ ಅದು ಅಷ್ಟಾಗಿ ಅಂಜುವುದಿಲ್ಲ. ಆದ್ದರಿಂದ ಮುಂಗಾರಿಗೂ ಹಿಂಗಾರಿಗೂ ಒಗ್ಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಮುಂಗಾರುಪೂರ್ವದ ಮಳೆಗೇ ಬಿತ್ತುವರು. ನಮ್ಮ ಎರೆಯಲ್ಲಿ ಹಿಂಗಾರಿಗೆ ಬಿತ್ತುವರು. ಎಂಬತ್ತೈದರಿಂದ ನೂರು ದಿನಗಳಲ್ಲಿ ಬೆಳೆ ಕೈಗೆ ಬರುತ್ತದೆ. ಅದು ಬೇಡುವುದು ಮುಖ್ಯವಾಗಿ ಎರಡನ್ನು: ಹೂವಿನ ಕಾಲಕ್ಕೆ ಮಳೆ ಬಿಡುವು ಕೊಡಬೇಕು, ಜೇನು ಬರಬೇಕು. ಒಂದು ತೆನೆಯೆಂದು ನಾವು ಕರೆಯುವುದು ನೂರಾರು ಚಿಕ್ಕ ಹೂಗಳ ಸಮೂಹ. ಹೆಚ್ಚಿನವು ಬೇರೆ ಗಿಡದ ಪರಾಗವನ್ನು ಬಯಸುತ್ತವೆ. ಜೇನು ಬಾರದಿದ್ದರೆ ತೆನೆಯ ನಡುಭಾಗ ಜೊಳ್ಳಾಗುತ್ತದೆ. ಎಳೆಯ ಗಿಡವು ದಿನವೆಲ್ಲ ಸೂರ್ಯನನ್ನು ಹಿಂಬಾಲಿಸಿ, ಬಲಿತ ಮೇಲೆ ಮೂಡಣ ದಿಕ್ಕಿಗೇ ಮುಖಮಾಡಿ ನಿಂತುಬಿಡುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಮೂಡಣಕ್ಕೆ ನಿಂತ ತೆನೆಯು ಮುಂಜಾನೆ ಬೇಗ ಬೆಚ್ಚಗಾಗಿ ಹೆಚ್ಚು ಜೇನುಹುಳುಗಳನ್ನು ಸೆಳೆಯುತ್ತದೆಂದು ೨೦೧೬ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಬಿಸಿಲು, ಜೇನು, ಒಣಹವೆ ಈ ಮೂರರ ಬೆಳೆ ಅದು.

ಆದರೆ ನೆಲ ಒಪ್ಪಿದ ಮಾತ್ರಕ್ಕೆ ಬೆಳೆ ಉಳಿಯುತ್ತದೆಂಬ ಭರವಸೆಯಿಲ್ಲ. ೧೯೯೩-೯೪ರಲ್ಲಿ ದೇಶದಲ್ಲಿ ಸೂರ್ಯಕಾಂತಿಯ ಕ್ಷೇತ್ರ ೨೬ ಲಕ್ಷ ಹೆಕ್ಟೇರನ್ನು ಮೀರಿತ್ತು. ಇಂದಿಗೆ ಅದು ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ೧೯೯೪ರಿಂದೀಚೆಗೆ ವಿದೇಶದ ಎಣ್ಣೆಗೆ ಬಾಗಿಲು ತೆರೆಯಿತು. ೧೯೯೭ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ನೆಕ್ರೋಸಿಸ್ ಎಂಬ ನಂಜುರೋಗ ಮೊದಲಿಗೆ ಕಂಡುಬಂದು ಊರಿಂದೂರಿಗೆ ಹಬ್ಬಿತು. ಥ್ರಿಪ್ಸ್ ಎಂಬ ಸೂಕ್ಷ್ಮ ಕೀಟ, ದಾರಿಯ ಬದಿಯ ಪಾರ್ಥೇನಿಯಂ ಕಳೆ ಇವೆರಡೂ ಆ ನಂಜಿಗೆ ನೆರವಾದವು. ಅದೇ ಹೊಲಕ್ಕೆ ಮತ್ತೆ ಮತ್ತೆ ಅದೇ ಬೆಳೆ ಹಾಕಿದ್ದರಿಂದ ಭೂಮಿಯೂ ದಣಿಯಿತು. ೨೦೨೨ರಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿಕೊಂಡಾಗ ನಮ್ಮ ಅಂಗಡಿಗಳಲ್ಲಿ ಎಣ್ಣೆಯ ಬೆಲೆ ಏಕಾಏಕಿ ಏರಿದ್ದನ್ನು ಗೃಹಿಣಿಯರು ಮರೆತಿರಲಾರರು. ಎರೆನಾಡಿನ ಹೊಲದಲ್ಲಿ ಬೆಳೆಯಬಹುದಾದುದನ್ನು ಕಪ್ಪುಸಮುದ್ರದ ದಂಡೆಯಿಂದ ತರಿಸಿಕೊಳ್ಳುವ ಸ್ಥಿತಿಗೆ ನಾವು ಬಂದಿದ್ದೆವು. ಬೆಲೆ ಸಿಗದ ಬೆಳೆಯಿಂದ ಬೇಸತ್ತ ತಮ್ಮನು ಬೆಲೆಯಿರುವ ಬೆಳೆಯತ್ತ ನೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಷಾಢದಲ್ಲಿ ಮಂಗಳಕಾರ್ಯಗಳು ಕಡಿಮೆಯಾದ್ದರಿಂದ ನಮಗೂ ಬಿಡುವಿರುತ್ತದೆ. ಈಚಿನ ಒಂದು ಆಷಾಢದಲ್ಲಿ ಅಣ್ಣತಮ್ಮಂದಿರಿಬ್ಬರನ್ನೂ ಮಠದ ವಾಹನದಲ್ಲಿ ಕೂರಿಸಿಕೊಂಡು ಹೊರಟೆವು. ಕೊಪ್ಪಳದಿಂದ ಗದಗ, ಅಲ್ಲಿಂದ ಹುಬ್ಬಳ್ಳಿ. ಇಷ್ಟರವರೆಗೆ ದಾರಿಯ ಎರಡೂ ಬದಿ ಬಯಲು, ದೂರಕ್ಕೆ ದಿಗಂತ. ಹುಬ್ಬಳ್ಳಿ ದಾಟಿ ಕಲಘಟಗಿ ಬಂದೊಡನೆ ನೆಲ ಅಲ್ಲಲ್ಲಿ ಉಬ್ಬಿತು. ಹತ್ತಿ, ಜೋಳದ ಜಾಗಕ್ಕೆ ಭತ್ತ, ಗೋವಿನಜೋಳ ಬಂದವು. ಕಿರವತ್ತಿ ಬರುವಷ್ಟರಲ್ಲಿ ತೇಗದ ಮರಗಳು ರಸ್ತೆಯ ಮೇಲೆ ನೆರಳು ಹಾಸಿದ್ದವು. ಯಲ್ಲಾಪುರದಲ್ಲಿ ಇಳಿದಾಗ ಮಳೆ ಹಿಡಿದಿತ್ತು. ಬೆಳಿಗ್ಗೆ ಬಿಟ್ಟ ಊರಿನಲ್ಲಿ ಜನ ಮುಗಿಲು ನೋಡುತ್ತಿದ್ದರು. ಸಂಜೆ ಮುಟ್ಟಿದ ಊರಿನಲ್ಲಿ ಮುಗಿಲೇ ಅಂಗಳಕ್ಕೆ ಇಳಿದಂತಿತ್ತು. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಹಗಲಿನ ಪ್ರಯಾಣ. ನಾವು ಧಾರವಾಡದಲ್ಲಿ ವಿಶ್ವವಿದ್ಯಾನಿಲಯದ ವ್ಯಾಸಂಗ ಮಾಡುತ್ತಿದ್ದಾಗ ಶಿರಸಿ, ಯಲ್ಲಾಪುರಗಳ ಕಡೆಯ ಸಹಪಾಠಿಗಳು ರಜೆಯಿಂದ ಮರಳುವಾಗ ಅಪ್ಪೆಮಿಡಿಯ ಉಪ್ಪಿನಕಾಯಿ ತರುತ್ತಿದ್ದರು. ನಮ್ಮ ಕಡೆಯವರು ಕಟಕರೊಟ್ಟಿ, ಶೇಂಗಾಚಟ್ನಿ ತರುತ್ತಿದ್ದರು. ಎರಡೂ ನಾಡುಗಳ ಭೂಗೋಳವು ಒಂದೇ ತಟ್ಟೆಯಲ್ಲಿ ಸೇರುತ್ತಿದ್ದುದನ್ನು ಆಗ ನಾವು ರುಚಿಯೆಂದಷ್ಟೇ ಬಲ್ಲೆವು.

ಈ ಮೂರು ತಾಲೂಕುಗಳ ಇರುವಿಕೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಪಡುವಣ ಕಡಲಿನಿಂದ ಬರುವ ಮುಂಗಾರಿನ ಗಾಳಿಗೆ ಮೊದಲ ತಡೆಯಾಗುವುದು ಸಹ್ಯಾದ್ರಿ. ಅಂಕೋಲೆಯಿಂದ ಯಲ್ಲಾಪುರಕ್ಕೆ ಅರಬೈಲು ಘಟ್ಟ, ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ. ಘಟ್ಟವನ್ನೇರಿದ ಗಾಳಿಯು ತಂಪಾಗಿ ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಶಿರಸಿಯು ಸಮುದ್ರಮಟ್ಟದಿಂದ ೬೦೦ ಮೀಟರಿಗೆ ಸಮೀಪದ ಎತ್ತರದಲ್ಲಿದೆ. ವರ್ಷಕ್ಕೆ ಸುಮಾರು ೨೫೦೦ ಮಿ.ಮೀ. ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನಮ್ಮ ಕೊಪ್ಪಳಕ್ಕೆ ೬೦೦ ಮಿ.ಮೀ. ಆಸುಪಾಸು. ಬೇಡ್ತಿ, ಅಘನಾಶಿನಿ ನದಿಗಳು ಈ ಮೇಲ್ನಾಡನ್ನು ಕೊರೆಯುತ್ತ ಪಡುವಣಕ್ಕೆ ಧುಮುಕುತ್ತವೆ. ಯಲ್ಲಾಪುರದ ಮಾಗೋಡು, ಸಿದ್ದಾಪುರದ ಉಂಚಳ್ಳಿ ಜಲಪಾತಗಳು ಹಾಗೆ ಆದುವು. ಗುಡ್ಡಗಳ ನಡುವೆ ಬೆರಳುಗಳ ಸಂದಿಯಂತೆ ಇಕ್ಕಟ್ಟಾದ ಕಣಿವೆಗಳು. ಆ ಕಣಿವೆಗಳ ತಳದಲ್ಲಿಯೇ ಅಡಿಕೆಯ ತೋಟಗಳು.

ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಪರಿಚಿತ ಹವ್ಯಕ ಕೃಷಿಕರ ಮನೆಯಲ್ಲಿ ನಮಗೆ ವಸತಿಯಾಯಿತು. ಯಜಮಾನರಿಗೆ ಎಪ್ಪತ್ತು ದಾಟಿದ ವಯಸ್ಸು. ಕೊಡೆ ಹಿಡಿದು ತಾವೇ ತೋಟವನ್ನೆಲ್ಲ ತೋರಿಸಿದರು. ಅಡಿಕೆಯ ಮರ ಉದ್ದವಾಗಿದ್ದರೂ ಅದರ ಮೈ ಸುಕುಮಾರ. ತೆಂಕಣ ಪಡುವಣದ ಇಳಿಬಿಸಿಲು ನೇರವಾಗಿ ಬಿದ್ದರೆ ಕಾಂಡದ ತೊಗಟೆ ಬೆಂದು ಸೀಳುತ್ತದೆ. ಆದ್ದರಿಂದ ಆ ದಿಕ್ಕಿಗೆ ನೆರಳು ಬೇಕು. ಕಣಿವೆಯ ಗುಡ್ಡವೇ ಇಲ್ಲಿ ಆ ನೆರಳು. ಗಾಳಿಯಲ್ಲಿ ತೇವವಿರಬೇಕು, ಬುಡದಲ್ಲಿ ನೀರು ನಿಲ್ಲಕೂಡದು. ಅದಕ್ಕಾಗಿ ಮರಗಳ ಸಾಲಿನ ನಡುವೆ ಬಸಿಗಾಲುವೆ. ಅಡಿಕೆಗೆ ಮೆಣಸಿನ ಬಳ್ಳಿ, ಅದರ ಕೆಳಗೆ ಬಾಳೆ, ಅದರ ಕೆಳಗೆ ಏಲಕ್ಕಿ. ಒಂದೇ ನೆಲದ ಮೇಲೆ ನಾಲ್ಕು ಅಂತಸ್ತಿನ ಮನೆಯಂತೆ ಬೆಳೆ. ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು ಕೂಡ ಇದ್ದವು.

ತೋಟದ ಮೇಲ್ಗಡೆಯ ಕಾಡನ್ನು ತೋರಿಸಿ ತಮ್ಮನು, “ಅದು ಸರಕಾರದ್ದೇನ್ರಿ?” ಎಂದನು. ಯಜಮಾನರು, “ಅದು ಸೊಪ್ಪಿನ ಬೆಟ್ಟ. ಅದಿಲ್ಲದೆ ಈ ತೋಟವಿಲ್ಲ” ಎಂದರು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಒಂದು ಎಕರೆ ಅಡಿಕೆ ತೋಟಕ್ಕೆ ಎಂಟು ಒಂಬತ್ತು ಎಕರೆಯವರೆಗೆ ಕಾಡಿನ ಸೊಪ್ಪು, ದರಕು ಬಳಸಿಕೊಳ್ಳುವ ಹಕ್ಕನ್ನು ತೋಟಿಗರಿಗೆ ಕೊಡಲಾಗಿತ್ತು; ಆ ವ್ಯವಸ್ಥೆ ಇಂದಿಗೂ ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಯಲ್ಲಿ ದನದ ಗಂಜಲ, ಸಗಣಿಗಳೊಡನೆ ಬೆರೆತು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಗೊಬ್ಬರದೊಡನೆ ನೀರೂ ಇಳಿಯುತ್ತದೆ. ಮರಗಳಿರುವ ಬೆಟ್ಟದ ಮೇಲೆ ಬಿದ್ದ ಮಳೆಯು ಮಣ್ಣಿನೊಳಗೆ ಇಂಗಿ, ಮಳೆಗಾಲ ಮುಗಿದ ಮೇಲೂ ತಿಂಗಳುಗಟ್ಟಲೆ ಕಣಿವೆಯಲ್ಲಿ ಒಸರುತ್ತದೆ.

ಆ ರಾತ್ರಿ ಜಗುಲಿಯ ಮೇಲೆ ಕುಳಿತು ಅಣ್ಣತಮ್ಮಂದಿರೊಡನೆ ಒಂದು ಲೆಕ್ಕವನ್ನು ಮಾಡಿದೆವು. ವಾಚಕರೂ ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಎಕರೆಯ ಮೇಲೆ ೬೦೦ ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ೨೪ ಲಕ್ಷ ಲೀಟರ್ ನೀರು, ೨೫೦೦ ಮಿ.ಮೀ. ಬಿದ್ದರೆ ಒಂದು ಕೋಟಿ ಲೀಟರ್. ಎಕರೆಗೆ ಸುಮಾರು ೫೫೦ ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೆಳೆದ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ೨೦ ಲೀಟರ್ ಎಂದರೂ ಎಕರೆಗೆ ೧೧,೦೦೦ ಲೀಟರ್. ಮೂರು ಎಕರೆಗೆ ೩೩,೦೦೦ ಲೀಟರ್. ಡಿಸೆಂಬರಿನಿಂದ ಮೇ ತಿಂಗಳವರೆಗೆ ೧೮೦ ದಿನಗಳೆಂದು ಹಿಡಿದರೆ ಸುಮಾರು ೫೯ ಲಕ್ಷ ಲೀಟರ್. ತಮ್ಮನ ಮೂರು ಎಕರೆಯ ಮೇಲೆ ಒಳ್ಳೆಯ ವರ್ಷದಲ್ಲಿ ಬೀಳುವ ಮಳೆಯೇ ಒಟ್ಟು ೭೩ ಲಕ್ಷ ಲೀಟರ್. ಅದರಲ್ಲಿ ಹರಿದುಹೋಗುವುದೆಷ್ಟು, ಆವಿಯಾಗುವುದೆಷ್ಟು, ಕೊಳವೆ ಬಾವಿಯ ಆಳಕ್ಕೆ ಇಳಿಯುವ ಪಾಲು ಎಷ್ಟು ಅಲ್ಪ! ಇತ್ತ ಸಿದ್ದಾಪುರದ ಯಜಮಾನರ ಒಂದು ಎಕರೆ ತೋಟದ ಬೆನ್ನಿಗೆ ಎಂಟು ಎಕರೆ ಬೆಟ್ಟ. ಅದರ ಮೇಲೆ ಬೀಳುವುದು ಎಂಟು ಕೋಟಿ ಲೀಟರ್. ತಮ್ಮನು ಬಹಳ ಹೊತ್ತು ಮೌನವಾಗಿದ್ದು, “ಅಜ್ಜಾರ, ಇವರ ಒಂದ ಎಕರೆ ಅಂದ್ರ ಒಂಬತ್ತ ಎಕರೆ ಐತ್ರಿ. ನಾ ಬರೇ ಕೆಳಗಿನ ಒಂದ ನೋಡಿದ್ದೆ” ಎಂದನು. ಎಷ್ಟು ಉಪನ್ಯಾಸ ಮಾಡಿದ್ದರೂ ನಾವು ಅದನ್ನು ಅಷ್ಟು ಚೆನ್ನಾಗಿ ಹೇಳಲು ಶಕ್ತರಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣನ ಸರದಿ ಬಂದಿತು. ಮನೆಯ ಮಕ್ಕಳು ಚೆಂದಕ್ಕೆಂದು ಅಂಗಳದ ಅಂಚಿನಲ್ಲಿ ನಾಲ್ಕಾರು ಸೂರ್ಯಕಾಂತಿ ಗಿಡಗಳನ್ನು ಬೆಳೆಸಿದ್ದರು. ಗಿಡ ಎತ್ತರವಾಗಿಯೇ ಬಂದಿತ್ತು. ಆದರೆ ಎಲೆಗಳ ತುಂಬ ಕಂದು ಚುಕ್ಕೆ, ಬಾಗಿದ ತೆನೆಯ ಬೆನ್ನಿನಲ್ಲಿ ನೀರು ನಿಂತು ಕೊಳೆತು ಕಪ್ಪಾಗಿತ್ತು. ಒಂದು ಜೇನುಹುಳುವೂ ಅತ್ತ ಸುಳಿದಿರಲಿಲ್ಲ. ಆ ಮಳೆಯಲ್ಲಿ ಅವು ಗೂಡಿನಿಂದ ಹೊರಡುವುದಾದರೂ ಹೇಗೆ? ಅಣ್ಣನು ತೆನೆಯನ್ನು ಹಿಚುಕಿ ನೋಡಿ ಎಲ್ಲ ಜೊಳ್ಳೆಂದನು. ಯಜಮಾನರು ನಕ್ಕು, “ನಾಲ್ಕು ತಿಂಗಳು ಸೂರ್ಯನ ಮುಖವನ್ನೇ ಕಾಣದ ಊರು ನಮ್ಮದು. ಇಲ್ಲಿ ಸೂರ್ಯಕಾಂತಿ ಯಾರನ್ನು ನೋಡಿಕೊಂಡು ಬದುಕಬೇಕು?” ಎಂದರು. ಮಳೆಗೆ ತೊಳೆದುಹೋಗಿ ಹುಳಿಯಾದ ಕೆಂಪು ಜಂಬಿಟ್ಟಿಗೆಯ ಮಣ್ಣೂ ಅದಕ್ಕೆ ಹಿತವಲ್ಲ. ಅಡಿಕೆಗೆ ಅಮೃತವಾದ ಮೋಡವು ಸೂರ್ಯಕಾಂತಿಗೆ ವಿಷ. ಸೂರ್ಯಕಾಂತಿಯನ್ನು ಬೆಳಗಿಸುವ ಬಿಸಿಲು ಅಡಿಕೆಯ ತೊಗಟೆಯನ್ನು ಬೇಯಿಸುತ್ತದೆ.

ಹಾಗೆಂದು ಮಲೆನಾಡಿನವರ ಬಾಳು ಹೂವಿನ ಹಾಸಿಗೆಯೆಂದು ಯಾರೂ ಭಾವಿಸಲಾಗದು. ಯಾವ ತೇವ ಅಡಿಕೆಯನ್ನು ಸಾಕುತ್ತದೆಯೋ ಅದೇ ತೇವ ಕೊಳೆರೋಗವನ್ನೂ ಸಾಕುತ್ತದೆ. ಮಳೆ ಬಿಡದೆ ಹಿಡಿದರೆ ಕಾಯಿಗಳು ಕೊಳೆತು ಉದುರಿ ತೋಟದ ತುಂಬ ಹಾಸುತ್ತವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ಪ್ರಬಂಧ ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳಿಂದ ಮಾಡಿದ ಬೋರ್ಡೋ ದ್ರಾವಣವೇ ಇಂದಿಗೂ ಅದಕ್ಕೆ ಮುಖ್ಯ ಮದ್ದು. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಮತ್ತೊಮ್ಮೆ ಜಾರುವ ಮರವನ್ನೇರಿ ಮದ್ದು ಹೊಡೆಯಬೇಕು. ಮರವೇರುವ ಕೊನೆಗೌಡರು ಸಿಗುವುದೇ ದುರ್ಲಭವಾಗಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಬಂದು ಸೇರಿದೆ. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ೨೦೨೧ರ ಜುಲೈ ತಿಂಗಳಲ್ಲಿ ಅತಿವೃಷ್ಟಿಯಿಂದ ಗುಡ್ಡವೇ ಕುಸಿದು ಅಡಿಕೆ ತೋಟಗಳು ಮಣ್ಣಿನಡಿ ಸೇರಿದವು. ತಲೆತಲಾಂತರದಿಂದ ಮಳೆಯನ್ನು ನಂಬಿ ಬದುಕಿದವರನ್ನೇ ಮಳೆ ಹೀಗೆ ಕಾಡಿತು. ಹವೆಯ ಕ್ರಮ ತಪ್ಪಿದಾಗ ನೆಲೆಯನ್ನರಿತವನಿಗೂ ಅಭಯವಿಲ್ಲ. ನೆಲೆಯನ್ನರಿಯದವನ ಪಾಡನ್ನು ಹೇಳುವುದೇ ಬೇಡ.

ನೆಲೆಯ ಈ ಮಹತ್ವವನ್ನು ಕಾನೂನು ಕೂಡ ಒಪ್ಪಿಕೊಂಡಿದೆ. ಒಂದು ಸರಕಿನ ಗುಣವು ಅದು ಹುಟ್ಟಿದ ಸ್ಥಳದಿಂದ ಬಂದದ್ದಾದರೆ ಆ ಸ್ಥಳದ ಹೆಸರನ್ನು ಇತರರು ಬಳಸದಂತೆ ಕಾಪಾಡಲು ೧೯೯೯ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯಿದೆ. ೨೦೧೯ರಲ್ಲಿ “ಶಿರಸಿ ಸುಪಾರಿ”ಗೆ ಈ ಮನ್ನಣೆ ದೊರೆಯಿತು; ಅಡಿಕೆಗೆ ಸಂಬಂಧಿಸಿದಂತೆ ಇದೇ ಮೊದಲನೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ದುಂಡಗೆ, ನಾಣ್ಯದಂತೆ ಚಪ್ಪಟೆಯಾದ ಆಕಾರ, ತನ್ನದೇ ಆದ ರುಚಿ ಅದರ ಲಕ್ಷಣ. ೧೯೨೩ರಷ್ಟು ಹಿಂದೆಯೇ ತೋಟಿಗರು ಸೇರಿ ಶಿರಸಿಯಲ್ಲಿ ಕಟ್ಟಿದ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಈ ಮನ್ನಣೆಯನ್ನು ಪಡೆಯುವಲ್ಲಿ ಮುಂದಾಯಿತು. ಇಲ್ಲಿ ಎರಡು ಪಾಠಗಳಿವೆ. ಸಸಿಯನ್ನು ಕೊಪ್ಪಳಕ್ಕೆ ಒಯ್ಯಬಹುದು, ಕಣಿವೆಯನ್ನು ಒಯ್ಯಲಾಗದು, ಇದು ಒಂದು. ನೆಲ ಕೊಟ್ಟ ಬೆಳೆಗೆ ಬೆಲೆ ತರುವುದಕ್ಕೆ ಜನ ಒಟ್ಟುಗೂಡಬೇಕು, ಇದು ಇನ್ನೊಂದು. ಮಲೆನಾಡಿನ ಮರವನ್ನು ಬಯಸುವ ನಮ್ಮ ಜನ ಮೊದಲು ಅವರ ಸಂಘವನ್ನು ಬಯಸಿದರೆ ಲೇಸಿತ್ತೆಂದು ನಮಗೆ ಅನಿಸಿತು. ಎರೆನಾಡಿನ ಸೂರ್ಯಕಾಂತಿ ಸೋತದ್ದಕ್ಕೆ ರೋಗದೊಡನೆ ಒಗ್ಗಟ್ಟಿನ ಕೊರತೆಯೂ ಕಾರಣ. ಸರಕಾರವು ೨೦೨೪-೨೫ಕ್ಕೆ ಕ್ವಿಂಟಲಿಗೆ ೭,೨೮೦ ರೂಪಾಯಿ ಬೆಂಬಲ ಬೆಲೆಯನ್ನು ಸಾರಿದರೂ ಖರೀದಿಯ ಕೇಂದ್ರವು ಸುಗ್ಗಿಗೆ ಸರಿಯಾಗಿ ತೆರೆಯದಿದ್ದರೆ ಒಂಟಿ ರೈತನು ಅದನ್ನು ಪಡೆಯಲಾರ.

ಮರಳುವಾಗ ಬೇಕೆಂದೇ ಬನವಾಸಿಯ ದಾರಿ ಹಿಡಿದೆವು. ಶಿರಸಿಯಿಂದ ಮೂಡಣಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಸಾಗಿದರೆ ಸಾಕು, ಕಾಡು ತೆಳುವಾಗುತ್ತದೆ, ಕಣಿವೆಗಳು ಅಗಲವಾಗಿ ಗದ್ದೆಗಳಾಗುತ್ತವೆ, ಮಳೆಯೂ ಇಳಿಯುತ್ತದೆ. ಅಘನಾಶಿನಿ ಪಡುವಣ ಕಡಲನ್ನು ಸೇರಿದರೆ, ಬನವಾಸಿಯ ವರದೆ ಮೂಡಣಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ಒಂದೇ ತಾಲೂಕಿನ ಒಂದು ತುದಿಯಲ್ಲಿ ಅಡಿಕೆಯ ಕಣಿವೆ, ಇನ್ನೊಂದು ತುದಿಯಲ್ಲಿ ಭತ್ತ, ಅನಾನಸು. ಕದಂಬರ ರಾಜಧಾನಿಯಾಗಿದ್ದ ಆ ಊರಿನಲ್ಲಿ ನಿಂತು, ಇದೇ ವರದೆಯ ನೀರು ಕೊನೆಗೆ ನಮ್ಮ ನಾಡಿನ ತುಂಗಭದ್ರೆಗೆ ಬಂದು ಕೂಡುತ್ತದೆಂದು ತೋರಿಸಿದಾಗ ಅಣ್ಣತಮ್ಮಂದಿರಿಬ್ಬರೂ ನೀರಿಗೆ ಕೈಮುಗಿದರು. ಮಲೆನಾಡಿನ ಕಾಡು ಮಲೆನಾಡಿಗೆ ಮಾತ್ರ ಸೇರಿದ ಸ್ವತ್ತಲ್ಲವೆಂಬುದು ಬಯಲಿನವರಿಗೆ ಹೀಗೆ ಕಂಡರೇನೇ ತಿಳಿಯುವುದು.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೦೪ರಲ್ಲಿ ಅಡಿಕೆಯ ಅಗಿತವನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಕರ್ನಾಟಕವು ೨೦೧೩ರಲ್ಲಿ ಗುಟಕಾವನ್ನು ನಿಷೇಧಿಸಿತು. ಶುಭಕಾರ್ಯದ ತಾಂಬೂಲಕ್ಕೂ ಹಗಲಿರುಳು ಅಗಿಯುವ ಪೊಟ್ಟಣಕ್ಕೂ ಅಂತರವುಂಟು. ಆದರೂ ನಲವತ್ತು ವರ್ಷ ಬಾಳುವ ಮರವನ್ನು ಇಂದು ನೆಡುವವನು ಅದರ ಮಾರುಕಟ್ಟೆ ನಲವತ್ತು ವರ್ಷ ಹೀಗೆಯೇ ಇರುವುದೋ ಎಂದು ಯೋಚಿಸತಕ್ಕದ್ದು. ಬಯಲಿನಲ್ಲಿ ಕೊಳೆರೋಗದ ಕಾಟ ಕಡಿಮೆಯೆಂಬುದು ನಿಜ. ಭದ್ರಾ ಕಾಲುವೆಯ ನೀರುಂಡ ಚನ್ನಗಿರಿಯ ಸೀಮೆಯಲ್ಲಿ ಅಡಿಕೆ ಸಮೃದ್ಧವಾಗಿ
ಬೆಳೆಯುತ್ತಿರುವುದೂ ನಿಜ. ಆದರೆ ಕಾಲುವೆಯಿಲ್ಲದೆ ಕೊಳವೆ ಬಾವಿಯನ್ನೇ ನಂಬಿದವರು ೨೦೨೩ರ ಬರದ ಮರುಬೇಸಿಗೆಯಲ್ಲಿ ಟ್ಯಾಂಕರುಗಳಿಂದ ನೀರು ತಂದು ಮರಗಳಿಗೆ ಉಣಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಸೂರ್ಯಕಾಂತಿಯಲ್ಲಿ ಎಣಿಕೆ ತಪ್ಪಿದರೆ ಮೂರು ತಿಂಗಳ ನಷ್ಟ; ಮುಂದಿನ ಹಂಗಾಮಿಗೆ ಜೋಳ ಬಿತ್ತಿ ಸರಿಪಡಿಸಿಕೊಳ್ಳಬಹುದು. ಅಡಿಕೆಯಲ್ಲಿ ಎಣಿಕೆ ತಪ್ಪಿದ್ದು ತಿಳಿಯುವುದಕ್ಕೇ ಐದಾರು ವರ್ಷ ಬೇಕು. ಅಷ್ಟರಲ್ಲಿ ಸಾಲಕ್ಕೆ ಬಡ್ಡಿ ಬೆಳೆದಿರುತ್ತದೆ.

ಮಠಕ್ಕೆ ಮರಳಿದ ಮೇಲೆ ಅಣ್ಣತಮ್ಮಂದಿರು ತಾವೇ ಕುಳಿತು ತೀರ್ಮಾನಕ್ಕೆ ಬಂದರು. ಮೂರು ಎಕರೆಯಲ್ಲಿ ಹಳ್ಳದ ಮಗ್ಗುಲಿನ ತಗ್ಗಿನ ಒಂದು ಎಕರೆ ಅಡಿಕೆಯನ್ನು ಉಳಿಸಿಕೊಂಡು ಮಿಕ್ಕುದನ್ನು ತೆಗೆಯುವುದು. ಹೊಲದ ಮೇಲ್ಭಾಗದಲ್ಲಿ ಕೃಷಿ ಹೊಂಡ ತೋಡಿ ಬದುಗಳನ್ನು ಎತ್ತರಿಸುವುದು. ಎರೆಯಲ್ಲಿ ಒಂದು ವರ್ಷ ಜೋಳ ಅಥವಾ ಕಡಲೆ, ಮರುವರ್ಷ ಸೂರ್ಯಕಾಂತಿ ಎಂದು ಸರದಿ ಹಿಡಿಯುವುದು. ಬದುವಿನ ಪಾರ್ಥೇನಿಯಂ ಕೀಳುವುದು. ಹೂವಿನ ಕಾಲಕ್ಕೆ ಕೀಟನಾಶಕ ಸಿಂಪಡಿಸದೆ ಜೇನಿಗೆ ದಾರಿ ಬಿಡುವುದು. ನೆಟ್ಟ ಮರವನ್ನು ಕೀಳುವ ದಿನ ತಮ್ಮನು ಊಟ ಮಾಡಲಿಲ್ಲವೆಂದು ಅಣ್ಣನೇ ನಮಗೆ ಹೇಳಿದನು. ಸಾಲವು ಇನ್ನೂ ತೀರಿಲ್ಲ. ಸೂರ್ಯಕಾಂತಿಗೆ ಬೆಲೆ ಬಂದೀತೆಂಬ ಖಾತ್ರಿಯೂ ಇಲ್ಲ. ಆದರೆ ಮನೆ ಪಾಲಾಗುವ ಮಾತು ನಿಂತಿದೆ. ಅಣ್ಣನು ತನ್ನ ಪಾಲಿನ ಫಸಲಿನಿಂದಲೇ ತಮ್ಮನ ಸಾಲದ ಒಂದು ಕಂತನ್ನು ಕಟ್ಟಿದನು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಕ್ಕಲುತನದಲ್ಲಿರುವವರು ನೂರಾರು ಮಂದಿ. ಅವರಲ್ಲಿ ನಮ್ಮದೊಂದು ಕೋರಿಕೆ. ಹೊಸ ಬೆಳೆಯನ್ನು ಹಾಕುವ ಮುನ್ನ ಎರಡು ವರ್ಷ ಒಂದು ಸಣ್ಣ ವಹಿಯನ್ನಿಡಿರಿ. ಊರಿನಲ್ಲಿ ಯಾವ ತಿಂಗಳು ಎಷ್ಟು ಮಳೆಯಾಯಿತು, ಯುಗಾದಿಯ ದಿನ ಬಾವಿ ಎಷ್ಟು ತಾಸು ನೀರು ಕೊಟ್ಟಿತು, ಬಸವ ಜಯಂತಿಯ ದಿನ ಎಷ್ಟು ತಾಸು ಕೊಟ್ಟಿತು ಎಂಬುದನ್ನು ಅದರಲ್ಲಿ ಬರೆಯಿರಿ. ಮಳೆ ಅಳೆಯುವುದಕ್ಕೆ ದೊಡ್ಡ ಉಪಕರಣ ಬೇಡ. ನೆಟ್ಟಗಿನ ಒಂದು ಡಬ್ಬಿ, ಮಕ್ಕಳ ಅಳತೆಪಟ್ಟಿ ಸಾಕು. ಬರುವ ಜಾತ್ರೆಯ ಕೃಷಿಗೋಷ್ಠಿಗೆ ಬರುವವರು ಆ ವಹಿಯನ್ನು ಜೊತೆಗೆ ತನ್ನಿರಿ. ಹತ್ತು ಹಳ್ಳಿಗಳ ವಹಿಗಳನ್ನು ಒಟ್ಟಿಗಿಟ್ಟು ನೋಡಿದರೆ ನಮ್ಮ ಸೀಮೆಯ ನೆಲ ಏನನ್ನು ಬೇಡುತ್ತಿದೆ, ಏನನ್ನು ಬೇಡವೆನ್ನುತ್ತಿದೆ ಎಂಬುದು ತಾನಾಗಿ ಗೋಚರಿಸೀತು. ಕೃಷಿ ತಜ್ಞರನ್ನು ಕರೆಸುವ ಭಾರ ಮಠಕ್ಕಿರಲಿ. ವಹಿಯನ್ನು ತುಂಬುವ ಭಾರ ನಿಮಗಿರಲಿ.